ಇಟ್ಟಂಗಿ ಭಟ್ಟಿಯ ಅಕ್ಷರ

ಸಂಗಣ್ಣನ ಸಿನೆಮಾಕ್ಕೆ ರಕ್ತ ಬೇಕಿತ್ತು. ಅಂದರೆ ಟ್ರೇಲರ್‌ನಲ್ಲಿ ಬರುವ ಹೆಸರಿನ ಅಕ್ಷರಗಳಿಂದ ರಕ್ತ ಸೋರಬೇಕಿತ್ತು. ಸೋರಿಸುವ ಕೆಲಸ ನನ್ನದು. ಆ ವಾರ ಒಂಬತ್ತು ಸಲ ಸೋರಿಸಿ ನನಗೆ ಸಾಕಾಗಿ ಹೋಗಿತ್ತು.

ನಾನು ನುಜ್ಹತ. ಶಹಾಪುರ ಬಸ್ ಸ್ಟ್ಯಾಂಡಿನ ಎದುರು, ಮೊಬೈಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ನನ್ನ ಫ್ಲೆಕ್ಸ್ ಡಿಸೈನಿನ ಅಂಗಡಿ. ಹದಿನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನಾನು ಮಾಡಿದ್ದು ನುಣುಪು ಮಾಡುವ ಕೆಲಸ. ಹುಟ್ಟುಹಬ್ಬದ ಲೀಡರನ ಕೆನ್ನೆಯ ಕುಳಿ ಮುಚ್ಚಬೇಕು, ಮದುಮಗನ ಮೈಬಣ್ಣ ಎರಡು ಪಟ್ಟು ತಿಳಿಯಾಗಬೇಕು, ಆಧಾರ್ ಕಾರ್ಡಿನ ಫೋಟೋದಲ್ಲಿ ಸಿಡುಕಿಕೊಂಡು ಕೂತ ಸತ್ತವರನ್ನು ಶ್ರದ್ಧಾಂಜಲಿಗೆ ಸ್ವಲ್ಪ ನಗಿಸಬೇಕು. ಸೊಂಟ ಹಿಡಿದಿದೆ, ಕಣ್ಣು ಉರಿಯುತ್ತವೆ, ಸಂಜೆ ಮನೆಗೆ ಹೋಗುವ ಹೊತ್ತಿಗೆ ಯಾರ ಮುಖ ಕಂಡರೂ ಎಲ್ಲಿ ಒರೆಸಲಿ ಅನ್ನಿಸುತ್ತದೆ.

ಸಂಗಣ್ಣ ಸುರಪುರದವನು. ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆ ಬಾಡಿಗೆ ಕೊಡುವ ಮನುಷ್ಯ. ಮೂವತ್ತು ವರ್ಷ ಮಂದಿಯ ಮದುವೆಗೂ ತಿಥಿಗೂ ಪೆಂಡಾಲು ಹೊಡೆದು, ಒಂದು ದಿನ ತನ್ನದೂ ಏನಾದರೂ ಆಗಲಿ ಅನ್ನಿಸಿತಂತೆ, ದೆವ್ವದ ಸಿನೆಮಾ ತೆಗೆದ. ಕಕ್ಕೇರಾ ಕಡೆಯ ಒಂದು ಹಾಳುಬಾವಿ, ಅದರ ಕೊನೆಯ ಮೆಟ್ಟಿಲು ಇಳಿದವರು ಮೇಲೆ ಬರುವುದಿಲ್ಲ. ಇಷ್ಟೇ ಕಥೆ. ಹೆಸರು ‘ಕಟ್ಟಕಡಿ ಮೆಟ್ಟಲ’. ಎರಡು ನಿಮಿಷದ ಟ್ರೇಲರ್‌ನಲ್ಲಿ ಆ ಹೆಸರು ಒಂದೊಂದೇ ಅಕ್ಷರವಾಗಿ ಕತ್ತಲೆಯಿಂದ ಏಳಬೇಕು, ನೋಡಿದವರ ಎದೆ ಝಲ್ಲೆನ್ನಬೇಕು.

ಇಂಗ್ಲಿಷಿನಲ್ಲಿ ದೆವ್ವದ ಅಕ್ಷರಗಳು ಇಂಟರ್ನೆಟ್ ತುಂಬ ರಾಶಿ ಬಿದ್ದಿವೆ. ಆ ಅಕ್ಷರಗಳ ಕೆಳಗೆ ಜಾಗ ಖಾಲಿ, ರಕ್ತ ಎಷ್ಟು ಬೇಕಾದರೂ ಸೋರಲಿ. ನಮ್ಮ ಕನ್ನಡದಲ್ಲಿ ಕೆಳಗೆ ಒತ್ತಕ್ಷರ ಕಾಲು ಚಾಚಿ ಕೂತಿರುತ್ತದೆ. ಮೇಲಿನ ರಕ್ತ ಅದರ ತಲೆ ಮೇಲೆ ಬಿದ್ದು, ಊಟದ ಪಂಕ್ತಿಯಲ್ಲಿ ಯಾರೋ ಸಾರು ಚೆಲ್ಲಿದ ಹಾಗೆ ಕಾಣುತ್ತಿತ್ತು. ನಾನು ಹನಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದೆ. ಆಗ ಅಕ್ಷರಕ್ಕೆ ನೆಗಡಿ ಬಂದ ಹಾಗೆ ಕಂಡಿತು.

ಬಣ್ಣದ್ದು ಇನ್ನೊಂದು ಗೋಳು. ನಮ್ಮ ಕಡೆ ಬಣ್ಣಗಳೆಲ್ಲ ಮೊದಲೇ ಬುಕ್ ಆಗಿಬಿಟ್ಟಿವೆ. ಕೆಂಪು ಹಾಕಿದರೆ ಕುಂಕುಮದ ಹಾಗೆ ಕಾಣುತ್ತದೆ, ದೇವಿ ಪುರಾಣದ ಪೋಸ್ಟರ್ ಅಂತಾರೆ. ಹಸಿರು ಹಾಕಿದರೆ ಉರುಸು. ಹಳದಿ ಹಾಕಿದರೆ ಭಂಡಾರ. ನೀಲಿ ಹಾಕಿದರೆ ಜಯಂತಿ. ನೇರಳೆ ಒಂದು ಉಳಿದಿತ್ತು, ಅದನ್ನು ಹೋದ ವರ್ಷ ಕಾಲೇಜಿನ ಅಡ್ಮಿಶನ್ನಿನವರು ಹೊಡೆದುಕೊಂಡರು. ಅಂಜಿಕೆಗೆ ಅಂತ ಯಾರೂ ಒಂದು ಬಣ್ಣವನ್ನೂ ಬಿಟ್ಟಿಲ್ಲ.

ಪ್ರತಿ ಸಲವೂ ಸಂಗಣ್ಣ ಸುರಪುರದಿಂದ ಬೈಕ್ ಮೇಲೆ ಬರುವನು, ಟವೆಲಿನಿಂದ ಮುಖ ಒರೆಸಿಕೊಳ್ಳುವನು, ಸ್ಕ್ರೀನಿನ ಮುಂದೆ ನಿಂತು ಹೊಟ್ಟೆ ಮೇಲೆ ಕೈ ಇಟ್ಟುಕೊಳ್ಳುವನು. ಸ್ವಲ್ಪ ಹೊತ್ತು ಕಾಯುವನು.

“ಛಲೋ ಆಗ್ಯದ ಅಕ್ಕಾರ. ಆದ್ರ ಹೊಟ್ಯಾಗ ಏನೂ ಆಗವಲ್ದು.”

ಬೈಯಬೇಕು ಅನ್ನಿಸುತ್ತಿತ್ತು. ಬೈಯಲಿಕ್ಕೂ ಶಕ್ತಿ ಬೇಕಲ್ಲ. ಇನ್ನೊಂದು ಮಾಡುತ್ತೇನೆ ಎಂದು ಹೇಳಿ ಕಳಿಸುತ್ತಿದ್ದೆ.

ಇನ್ನು ಮನೆಯ ವಿಷಯ ಹೇಳಬೇಕು, ಯಾಕೆಂದರೆ ಆ ಅಕ್ಷರ ಕೊನೆಗೆ ಸಿಕ್ಕಿದ್ದು ಮನೆಯಲ್ಲೇ.

ನಮ್ಮ ಅಬ್ಬಾ ಮನ್ಸೂರಅಲಿ ಪೇಂಟರ್. ಯಾದಗಿರಿ ಸ್ಟೇಷನ್ ರಸ್ತೆಯಿಂದ ಸುರಪುರದ ಸಂತೆ ಬಯಲಿನ ತನಕ ಒಂದು ಕಾಲಕ್ಕೆ ಅಂಗಡಿಯ ಬೋರ್ಡುಗಳೆಲ್ಲ ಅವರ ಕೈಯವು. ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಟಪ್ಪೆಂದು ಹೊಡೆದರೆ ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಅಕ್ಷರಗಳು ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ ನಿಲ್ಲುತ್ತಿದ್ದವು. ಮನೆಯಲ್ಲಿ ನಮ್ಮದು ದಖನಿ ಮಾತು. ಅಕ್ಷರದ ವಿಷಯ ಬಂದರೆ ಮಾತ್ರ ಅಬ್ಬಾ ಕನ್ನಡಕ್ಕೆ ಇಳಿಯುತ್ತಾರೆ. ಬರೆದದ್ದು ಕನ್ನಡದಲ್ಲಿ, ಅದರ ಮಾತೂ ಕನ್ನಡದಲ್ಲೇ ಆಗಬೇಕು ಎನ್ನುವುದು ಅವರ ಲೆಕ್ಕ.

ಅಬ್ಬಾನ ಅಂಗಡಿಗೆ ಒಂದು ಕಟ್ಟಳೆ ಇತ್ತು. ಬೋರ್ಡು ಮನಸ್ಸಿಗೆ ಬಂದರೆ ಬಲಗಡೆಯ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಕ್ಕೆ ‘ಮನ್ಸೂರ’ ಎಂದು ಸಹಿ ಹಾಕುತ್ತಿದ್ದರು. ಬಾರದಿದ್ದರೆ ಸಹಿ ಇಲ್ಲ. ಸಹಿ ಇಲ್ಲದ ಬೋರ್ಡು ಹೊಸ್ತಿಲು ದಾಟುವ ಹಾಗಿಲ್ಲ. ಒಮ್ಮೆ ಲಸ್ಸಿ ಅಂಗಡಿಯ ಉದ್ಘಾಟನೆಯ ದಿನ ಬ್ಯಾಂಡಿನವರು ಬಂದು ನಿಂತಿದ್ದಾರೆ, ಸ್ವಾಮಿಗಳು ಜೀಪಿನಲ್ಲಿ ಕೂತಿದ್ದಾರೆ, ಅಬ್ಬಾ ಮಾತ್ರ ‘ಲ’ ಒಂದು ಕೂದಲೆಳೆ ವಾಲಿದೆ ಎಂದು ಇಡೀ ಬೋರ್ಡನ್ನು ಸೀಮೆಎಣ್ಣೆಯಿಂದ ಒರೆಸಿ ಮತ್ತೆ ಬರೆದರು. ಲಸ್ಸಿ ಅಂಗಡಿಯವರು ಬೈದರು, ಬೋರ್ಡು ನೋಡಿ ಸುಮ್ಮನಾದರು. ನಾನಾಗ ಆರನೇ ಇಯತ್ತೆ. ಇಂಥ ಮನುಷ್ಯನ ಮಗಳಾಗಿದ್ದೇನೆ ಎಂದು ನನಗೆ ಸೊಕ್ಕು ಬಂದಿತ್ತು.

ಆಮೇಲೆ ಫ್ಲೆಕ್ಸ್ ಬಂತು. ಅಪ್ಪನ ಅನ್ನ ಕಿತ್ತುಕೊಂಡ ಮಶೀನಿನ ಮುಂದೆಯೇ ಮಗಳು ಕೂತಳು ಎಂದು ಓಣಿಯವರು ಆಡಿಕೊಂಡರು. ಅಬ್ಬಾ ಏನೂ ಅನ್ನಲಿಲ್ಲ. ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಕಲಬುರಗಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ಸ್ವಲ್ಪ ಬರೆಯಲಿ, ಕೈಗೆ ರೂಢಿ ತಪ್ಪಬಾರದು, ಮನಸ್ಸು ಕುಗ್ಗದ ಹಾಗೆ ನೋಡಿಕೊಳ್ಳಿ ಎಂದರು.

ಅಂದಿನಿಂದ ಬೆಳಗಿನ ಚಹಾ ಆದ ಮೇಲೆ ಅಬ್ಬಾ ಪಡಸಾಲೆಯಲ್ಲಿ ಕೂತು ಒಂದು ಹಾಳೆ ಬರೆಯುತ್ತಾರೆ. ಕರಿ ಬಣ್ಣ, ಹಳೆಯ ಬ್ರಶ್ಶು. ಬರೆಯುವುದು ತಾವು ಹಿಂದೆ ಬರೆದ ಬೋರ್ಡುಗಳ ಹೆಸರನ್ನೇ. ಶೀತಲ ಲಸ್ಸಿ, ಬಾಬಾ ಸೈಕಲ್ ದುಕಾನ, ನ್ಯೂ ಮೆಡಿಕಲ್ ಸ್ಟೋರ್, ಇಟ್ಟಂಗಿ ಭಟ್ಟಿ. ಅಕ್ಷರಗಳು ಜ್ವರ ಬಿದ್ದವರು ಗೋಡೆ ಹಿಡಿದು ನಡೆದ ಹಾಗೆ ಬರುತ್ತಿದ್ದವು. ಕನ್ನಡಕದ ಗಾಜು ದಪ್ಪ, ಒಂದು ಕಣ್ಣಿಗೆ ಪೊರೆ. ಅವರಿಗೆ ಸರಿಯಾಗಿ ಕಾಣಿಸಲಿಕ್ಕಿಲ್ಲ ಎಂದು ನಾನೂ ಅಮ್ಮಿಯೂ ಮಾತಾಡಿಕೊಂಡೆವು. ಕಾಣಿಸದಿದ್ದರೆ ಒಳ್ಳೆಯದೇ ಆಯಿತು. ತಮ್ಮ ಕೈ ಹೋಗಿದೆ ಎನ್ನುವುದು ಅಬ್ಬಾಗೆ ಗೊತ್ತಾಗಬಾರದು. ನಮ್ಮ ಮನೆಯಲ್ಲಿ ಕಾಯಬೇಕಾದ ವಸ್ತು ಅಂತ ಇದ್ದದ್ದು ಅದೊಂದೇ.

ಸಂಜೆ ನಾನು ಬಂದೊಡನೆ ಅವರು ಹಾಳೆ ಎತ್ತಿ ಹಿಡಿಯುವರು. ಚಂದ ಆಗ್ಯಾವ ಅಬ್ಬಾ ಎನ್ನುವೆ. ಹಾಳೆ ತಗಡಿನ ಸಂದೂಕಕ್ಕೆ ಹೋಗುವುದು. ಅವರಿಗೆ ದಿನಕ್ಕೆ ಮೂರು ಗುಳಿಗೆ, ನನಗೆ ದಿನಕ್ಕೊಂದು ಸುಳ್ಳು.

ಹತ್ತನೆಯ ಸಲದ ದಿನ ಮಧ್ಯಾಹ್ನ ಸಂಗಣ್ಣ ಫೋನ್ ಮಾಡಿ, ಸೋಮವಾರ ಟ್ರೇಲರ್ ಬಿಡುತ್ತೇನೆ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ ಎಂದ. ನಾನು ಊಟಕ್ಕೆ ಮನೆಗೆ ಬಂದಿದ್ದೆ. ಅಬ್ಬಾ ಮಲಗಿದ್ದರು. ಆ ದಿನದ ಹಾಳೆ ಒಣಗಲೆಂದು ನೆಲದ ಮೇಲಿತ್ತು. ಎರಡು ವರ್ಷ ನಾನು ಆ ಅಕ್ಷರಗಳನ್ನು ಮಗಳ ಕಣ್ಣಿನಿಂದ ನೋಡಿದ್ದೆ, ಅಂದರೆ ಚಂದ ಎನ್ನುವ ಮಾತು ಮೊದಲೇ ಬಾಯಲ್ಲಿ ಇಟ್ಟುಕೊಂಡು ನೋಡಿದ್ದೆ. ಅವತ್ತು ರೊಟ್ಟಿ ಕೈಯಲ್ಲಿ ಹಿಡಿದು, ದಣಿದ ಡಿಸೈನರಳ ಕಣ್ಣಿನಿಂದ ನೋಡಿದೆ. ನನ್ನ ಹೊಟ್ಟೆಯಲ್ಲಿ ಏನೋ ಆಯಿತು.

ಆಗಬಾರದಿತ್ತು. ಆಯಿತು.

ಸಂದೂಕದಿಂದ ಐದು ಹಾಳೆ ತೆಗೆದು, ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಸ್ಕ್ಯಾನ್ ಮಾಡಿ ಬೇಕಾದ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಿದೆ. ಕಪ್ಪನ್ನು ಬಿಳಿ ಮಾಡಿದೆ, ಬಿಳಿಯನ್ನು ಕಪ್ಪು. ಕತ್ತಲೆಯಲ್ಲಿ ಹಳೆಯ ಸುಣ್ಣದಂಥ ಬಿಳಿ ಅಕ್ಷರಗಳು, ಬ್ರಶ್ಶಿನ ಕೂದಲು ಎಳೆದ ಗೀರುಗಳ ಸಮೇತ, ತಮ್ಮಷ್ಟಕ್ಕೇ ನಡುಗುತ್ತ ನಿಂತವು. ಬಣ್ಣದ ಪಂಚಾಯಿತಿಯೂ ಮುಗಿಯಿತು. ಹಾಳೆಗಳನ್ನು ಸಂಜೆ ಯಾರಿಗೂ ಕಾಣದ ಹಾಗೆ ಸಂದೂಕಕ್ಕೆ ವಾಪಸು ಇಟ್ಟೆ.

ಮರುದಿನ ಸಂಗಣ್ಣ ಬಂದ, ನೋಡಿದ, ಹೊಟ್ಟೆ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ರಕ್ತದ ಮಾತೇ ಎತ್ತಲಿಲ್ಲ.

“ಸಾಯಾಕ ಬಿದ್ದವರು ಬರದಂಗ ಅದಲ್ರೀ ಅಕ್ಕಾರ,” ಎಂದ. “ಯಾವ ಫಾಂಟ್ ಇದು?”

ಇಂಟರ್ನೆಟ್‌ನಲ್ಲಿ ಸಿಕ್ಕಿತು ಎಂದೆ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ನಾಚಿಕೆಯಾಗಿತ್ತು ನನಗೆ. ಅಬ್ಬಾಗೆ ಟ್ರೇಲರ್ ನೋಡುವ ಫೋನ್ ಇಲ್ಲ, ಅಮ್ಮಿಗೆ ಓದು ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಟ್ರೇಲರ್ ಓಡಿತು. ಅಕ್ಷರ ನೋಡಿಯೇ ಅಂಜಿಕೆ ಬಂತು ಎಂದು ಮಂದಿ ಬರೆದರು. ಸಂಗಣ್ಣನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನನ್ನನ್ನು ಕೇಳದೆ ಯಾದಗಿರಿಯಲ್ಲಿ ಇಪ್ಪತ್ತು ಅಡಿಯ ಫ್ಲೆಕ್ಸ್ ಹೊಡೆಸಿ ತಂದು, ಶಹಾಪುರದಲ್ಲಿ ಸರಿಯಾಗಿ ಮಸೀದಿಗೆ ಹೋಗುವ ತಿರುವಿನಲ್ಲೇ ಕಟ್ಟಿದ. ಪ್ರತಿ ಶುಕ್ರವಾರ ನಾನು ಅಬ್ಬಾನನ್ನು ಸ್ಕೂಟಿ ಮೇಲೆ ಜುಮ್ಮಾ ನಮಾಜಿಗೆ ಬಿಡುವ ದಾರಿ ಅದು. ಬೇರೆ ಕಡೆ ಕಟ್ಟು ಎಂದು ಫೋನ್ ಮಾಡಿದೆ. ಯಾಕ್ರೀ, ಇಡೀ ಶಹಾಪುರ ಅಲ್ಲೇ ಹಾಯುತ್ತದೆ ಎಂದ. ನಿಜವಾದ ಕಾರಣ ಹೇಳಿದರೆ ಇಂಟರ್ನೆಟ್ಟಿನ ಸುಳ್ಳು ಹೊರಬೀಳುತ್ತಿತ್ತು. ಫೋನ್ ಇಟ್ಟೆ.

ಶುಕ್ರವಾರ ಅಬ್ಬಾ ಬಿಳಿ ಜುಬ್ಬಾ ಹಾಕಿ ಹಿಂದೆ ಕೂತರು. ರಸ್ತೆ ಅಗೆದಿದ್ದಾರೆ, ಹಿಂದಿನ ಓಣಿಯಿಂದ ಹೋಗೋಣ ಎಂದೆ. ಆಗಲಿ ಎಂದರು. ಹಿಂದಿನ ಓಣಿಯಲ್ಲಿ ನಿಜವಾಗಿಯೂ ಅಗೆದಿದ್ದರು. ಸುಳ್ಳಿಗೆ ಆಯಸ್ಸು ಅಷ್ಟೇ. ತಿರುಗಿ ಮುಖ್ಯ ರಸ್ತೆಗೇ ಬಂದೆ, ತಿರುವು ಬಂದಾಗ ಗಾಡಿ ಜೋರು ಮಾಡಿದೆ.

ಹೆಗಲ ಮೇಲೆ ಅಬ್ಬಾನ ಕೈ ಬಿತ್ತು. ನಿಲ್ಲಿಸಿದೆ.

ಅವರು ಇಳಿದು, ಕನ್ನಡಕ ಮೇಲೆ ಸರಿಸಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಮುಖ ಎತ್ತಿದರು. ಇಪ್ಪತ್ತು ಅಡಿಯಲ್ಲಿ ಪೊರೆ ಬಂದ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರ. ಅವರು ಹೆಸರನ್ನು ಓದಲಿಲ್ಲ. ಒಂದೊಂದೇ ಅಕ್ಷರ ನೋಡಿದರು, ಬಹಳ ದಿನದ ಮೇಲೆ ಕಂಡ ಸಂಬಂಧಿಕರನ್ನು ಗುರುತು ಹಿಡಿಯುವ ಹಾಗೆ.

“ಇದು ಲಸ್ಸಿ ಅಂಗಡಿ ಲ,” ಎಂದರು. ಬೆರಳು ಎಡಕ್ಕೆ ಸರಿಯಿತು. “ಮೆ, ಡಿ, ಎರಡೂ ಮೆಡಿಕಲ್ ಅಂಗಡಿವು. ಕ ಸೈಕಲ್ ದುಕಾನದ್ದು. ಟ್ಟ...” ಕನ್ನಡಕ ಮತ್ತೆ ಸರಿಸಿದರು. “ಟ್ಟ ಇಟ್ಟಂಗಿ ಭಟ್ಟಿದು.”

ಪಕ್ಕದಲ್ಲಿ ಬಸ್ಸಿಗೆ ನಿಂತಿದ್ದ ಹುಡುಗಿಯೊಬ್ಬಳು ಗೆಳತಿಗೆ, ಆ ಅಕ್ಷರ ನೋಡಿದರೇ ಹೆದರಿಕೆ ಬರುತ್ತದೆ ನೋಡೇ ಎಂದಳು. ಅಬ್ಬಾ ಕೇಳಿಸಿಕೊಂಡರು. ಫ್ಲೆಕ್ಸಿನ ಬಲಗಡೆಯ ಕೆಳಮೂಲೆಯನ್ನು ಒಂದು ಸಲ ನೋಡಿದರು. ಆಮೇಲೆ ಸ್ಕೂಟಿ ಹತ್ತಿ, ನಮಾಜಿಗೆ ಹೊತ್ತಾಯಿತು ನಡಿ ಎಂದರು.

ಅವರು ಒಳಗಿದ್ದಷ್ಟು ಹೊತ್ತು ನಾನು ಬೇವಿನ ಗಿಡದ ಕೆಳಗೆ ನಿಂತಿದ್ದೆ. ಎರಡು ವರ್ಷ ಕಾಯ್ದ ವಸ್ತುವನ್ನು ನಾನೇ ಇಪ್ಪತ್ತು ಅಡಿ ಮಾಡಿ ರಸ್ತೆಯ ತಿರುವಿನಲ್ಲಿ ನೇತುಹಾಕಿದ್ದೆ. ಅಳು ಕೂಡ ಬರಲಿಲ್ಲ. ಅಲ್ಲೇ ನೆಲದ ಮೇಲೆ ಮಲಗಿಬಿಡಬೇಕು ಅನ್ನಿಸಿತು, ಅಷ್ಟೇ.

ಮನೆಗೆ ಬಂದು ಅಬ್ಬಾ ನೀರು ಕುಡಿದರು. ಅಮ್ಮಿ ಅನ್ನಕ್ಕೆ ಕರೆದಳು, ಆಮೇಲೆ ಎಂದರು. ನಾನು ನಿಂತಲ್ಲೇ ಎಲ್ಲ ಹೇಳಿದೆ: ಸಂಗಣ್ಣ, ಒಂಬತ್ತು ಸಲದ ರಕ್ತ, ಐದು ಹಾಳೆ, ಇಂಟರ್ನೆಟ್ಟಿನ ಸುಳ್ಳು. ನಿಮ್ಮ ಅಕ್ಷರ ನೋಡಿ ಮಂದಿ ಅಂಜುವ ಹಾಗೆ ಮಾಡಿದೆ, ತಪ್ಪಾಯಿತು ಎಂದೆ.

“ಮಂದಿ ಅಂಜಲಿ ಬೇಟಾ,” ಎಂದರು ಅಬ್ಬಾ ಕನ್ನಡದಲ್ಲಿ. “ದೆವ್ವದ ಸಿನಿಮಾಕ ಅಂಜಲಾರದಂತಾ ಅಕ್ಷರ ಬರದ್ರ ಅದು ತಪ್ಪು. ನಾ ಕೇಳೋದು ಬ್ಯಾರೆ. ಸಹಿ ಇಲ್ಲದ್ದು ಹೊಸ್ತಲಾ ಹೆಂಗ ದಾಟ್ತು?”

ನನಗೆ ಅರ್ಥವಾಗಲಿಲ್ಲ. ರೂಢಿಯ ಮೇಲೆ ಬಾಯಿಗೆ ಅದೇ ಮಾತು ಬಂತು. ಅಕ್ಷರ ಚಂದ ಇದ್ದವಲ್ಲ ಅಬ್ಬಾ, ಅದಕ್ಕೇ ಎಂದೆ.

“ಸಂದೂಕ ತಗಿ. ಒಂದಕ್ಕಾದ್ರೂ ಸಹಿ ಹಾಕೀನೇನು ನೋಡು.”

ಸಂದೂಕ ಎಳೆದು ತೆಗೆದೆ. ಆರುನೂರೋ ಏಳುನೂರೋ ಹಾಳೆ. ಮೇಲಿನಿಂದ ನೋಡುತ್ತ ಹೋದೆ. ಬಲಗಡೆಯ ಕೆಳಮೂಲೆ, ಖಾಲಿ. ಇನ್ನೊಂದು, ಖಾಲಿ. ನಡುವಿನಿಂದ ಒಂದು ಹಿಡಿ ತೆಗೆದೆ, ತಳದಿಂದ ತೆಗೆದೆ. ಮೊಟ್ಟಮೊದಲ ದಿನದ ಹಾಳೆಯ ಮೂಲೆಯೂ ಖಾಲಿ. ಅಮ್ಮಿಗೆ ಓದು ಬರುವುದಿಲ್ಲ, ಅವಳ ಮಾತು ಬಿಡಿ. ಹದಿನಾಲ್ಕು ವರ್ಷ ಪ್ರತಿ ಫ್ಲೆಕ್ಸಿನ ಮೂಲೆಯಲ್ಲಿ ನನ್ನ ಅಂಗಡಿಯ ಫೋನ್ ನಂಬರು ಕೂಡಿಸುವವಳು ನಾನು, ಈ ಮೂಲೆಯನ್ನು ಒಂದು ದಿನವೂ ನೋಡಿರಲಿಲ್ಲ. ಅಬ್ಬಾಗೆ ಮೊದಲ ದಿನದಿಂದಲೂ ಗೊತ್ತಿತ್ತು.

“ಮತ್ತ ನಾ ದಿನಾ ಚಂದ ಆಗ್ಯಾವ ಅಂದಾಗ ಯಾಕ ಸುಮ್ನಿದ್ರಿ?”

ಅಬ್ಬಾ ತಮ್ಮ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

“ದಿನಾ ಸಂಜಿಕ ಸೋತು ಬರ್ತಿದ್ದಿ. ಆ ಒಂದು ಮಾತು ಅನ್ನಾಗ ನಿನ್ನ ಮಾರಿ ಮ್ಯಾಲ ದಣಿವು ಇರ್ತಿದ್ದಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಹಾಳೆಗಳ ನಡುವೆ ಕೂತೇ ಇದ್ದೆ. ನಾವು ಅವರನ್ನು ಕಾಯುತ್ತಿದ್ದೇವೆ ಎಂದು ತಿಳಿದಿದ್ದೆವು. ಎರಡು ವರ್ಷ, ದಿನಾ ಸಂಜೆ, ನನ್ನನ್ನು ಕಾಯಲಿಕ್ಕೆ ಆ ಮನುಷ್ಯ ತಾನು ಒಪ್ಪದ ಅಕ್ಷರವನ್ನು ಎತ್ತಿ ಹಿಡಿದಿದ್ದರು.

ಸಿನೆಮಾದ ಹೆಸರು ಪೂರಾ ಏನು ಎಂದು ಅಬ್ಬಾ ಕೇಳಿದರು. ಹೇಳಿದೆ. ದಾರ, ಸುಣ್ಣದ ಪುಡಿ ತರಲು ಹೇಳಿದರು. ದಾರದ ಒಂದು ತುದಿ ನಾನು ಹಿಡಿದೆ, ಒಂದು ಅಮ್ಮಿ ಹಿಡಿದಳು. ಅಬ್ಬಾ ನಡುವೆ ಎಳೆದು ಹೊಡೆದರು. ಗೆರೆ ನೆಟ್ಟಗೆ ಬಿತ್ತು. ಗೆರೆಗೆ ಕೈ ನಡುಗುವುದು ಗೊತ್ತಾಗುವುದಿಲ್ಲವಲ್ಲ.

ಮೊದಲ ಹಾಳೆ ಮುಗಿಯುವ ಹೊತ್ತಿಗೆ ಅನ್ನ ಆರಿತ್ತು. ಅವರು ಎತ್ತಿ ಹಿಡಿದರು. ಚಂದ ಎನ್ನುವ ಮಾತು ನಾಲಿಗೆಯ ತನಕ ಬಂತು. ನುಂಗಿದೆ.

“ಮೆ ಬಲಕ್ಕ ವಾಲ್ಯದ ಅಬ್ಬಾ. ಎರಡನೇ ಟ್ಟ ಗೆರಿ ಬಿಟ್ಟು ಕೆಳಗಿಳದದ.”

“ಹೌದು,” ಎಂದು ಅವರು ಹಾಳೆ ಹರಿದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಹಳೆಯ ಅಂಗಡಿಯ ಸಿಟ್ಟು ಕಂಡಿತು. ನನಗೆ ಖುಷಿಯಾಯಿತು.

ನಡುವೆ ಸಂಗಣ್ಣನಿಗೆ ಫೋನ್ ಮಾಡಿ, ಫ್ಲೆಕ್ಸ್ ಇಳಿಸು, ಟ್ರೇಲರ್ ತೆಗೆದುಹಾಕು, ಅಕ್ಷರಕ್ಕೆ ಮಾಲಕರಿದ್ದಾರೆ, ಅವರು ಒಪ್ಪಿಲ್ಲ, ಬೇರೆ ಬರೆಯುತ್ತಿದ್ದಾರೆ ಎಂದೆ. ಯಾರು ಎಂದು ಕೇಳಿದ. ಹೆಸರು ಹೇಳಿದೆ. ಅವನ ಶಾಮಿಯಾನದ ಗೋಡೌನಿನ ಮೇಲೆ ಇಪ್ಪತ್ತಾರು ವರ್ಷದಿಂದ ಇರುವ ಬೋರ್ಡು ಅಬ್ಬಾನದು, ಮೂಲೆಯ ಸಹಿಯ ಸಮೇತ. ಅವಸರ ಮಾಡಬ್ಯಾಡ್ರಿ ಅಂತ ಚಾಚಾಗ ಹೇಳ್ರಿ ಎಂದ.

ಏಳನೆಯ ಹಾಳೆಗೆ ಬಿಸಿಲು ಪಡಸಾಲೆ ಬಿಟ್ಟು ಇಳಿದಿತ್ತು. ಅಕ್ಷರಗಳು ನಡುಗುತ್ತಿದ್ದವು, ಆದರೆ ಪ್ರತಿಯೊಂದೂ ಗೆರೆಯ ಮೇಲೆ ನಿಂತು ನಡುಗುತ್ತಿತ್ತು. ಅಬ್ಬಾ ಬಹಳ ಹೊತ್ತು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಸಣ್ಣ ಬ್ರಶ್ಶು ತೆಗೆದುಕೊಂಡು ಬಲಗಡೆಯ ಕೆಳಮೂಲೆಗೆ ಬಾಗಿದರು. ಅಕ್ಕಿಕಾಳಿನಷ್ಟು ಸಣ್ಣಕ್ಕೆ ಆಗಲಿಲ್ಲ, ಕಡಲೆಕಾಳಿನಷ್ಟಾಯಿತು. ಮೂರು ಅಕ್ಷರ ಬರೆಯಲು ಇಡೀ ಹೆಸರಿಗೆ ಹಿಡಿದಷ್ಟೇ ಹೊತ್ತು ಹಿಡಿಯಿತು.

ಎಲ್ಲಕ್ಕಿಂತ ಹೆಚ್ಚು ನಡುಗಿದ್ದು ಆ ಸಹಿ. ಅದನ್ನು ಹಾಗೆಯೇ ಸ್ಕ್ಯಾನ್ ಮಾಡಿದೆ, ಒಂದು ಗೆರೆಯನ್ನೂ ನುಣುಪು ಮಾಡಲಿಲ್ಲ.